ಕೆಳಗೆ ಇಷ್ಟು ಚೆನ್ನಾಗಿ ಆಡ್ತಾನೆ, ಮೇಲಕ್ಕೆ ಯಾಕೆ ಕರೆಸಲ್ಲ?

ಪ್ರಶ್ನೆ: ಅಮೆರಿಕದ ಬೇಸ್‌ಬಾಲ್‌ನ ಮೈನರ್ ಲೀಗ್‌ನಲ್ಲಿ, ಅಂದರೆ ಮೇಜರ್ ಲೀಗ್‌ಗಿಂತ ಕೆಳಗಿನ ಮಟ್ಟದಲ್ಲಿ, ಒಬ್ಬ ಹುಡುಗ ಸಿಕ್ಕ ಸಿಕ್ಕ ಪಿಚರ್‌ಗಳನ್ನೆಲ್ಲ (ಚೆಂಡು ಎಸೆಯುವವರನ್ನೆಲ್ಲ) ಚಚ್ಚಿ ಹಾಕುತ್ತಿರುತ್ತಾನೆ. ಆದರೂ ತಂಡದವರು ‘ಇನ್ನೂ ರೆಡಿ ಇಲ್ಲ’ ಅಂತಾರೆ. ಮೇಜರ್ ಲೀಗ್‌ಗೆ ರೆಡಿ ಅಂತ ಹೇಗೆ ಗೊತ್ತಾಗುತ್ತೆ?

ಕ್ರಿಕೆಟ್ ನೋಡಿ ಬೆಳೆದು, ಆಮೇಲೆ ಬೇಸ್‌ಬಾಲ್ ರುಚಿ ಹತ್ತಿದವರು ತಪ್ಪದೆ ಕೇಳುವ ಪ್ರಶ್ನೆ ಇದು. ನೇರವಾಗಿ ಹೇಳಿಬಿಡುತ್ತೇನೆ: ಪೂರ್ತಿಯಾಗಿ ಗೊತ್ತಾಗುವುದಿಲ್ಲ. ತಂಡದವರಿಗೂ ಅಷ್ಟೇ. ಅವರು ಮಾಡುವುದು ಅಂದಾಜು. ಆ ಅಂದಾಜು ಹೇಗೆ ಕೈಕೊಡುತ್ತದೆ ಅನ್ನೋದಕ್ಕೆ ಜಾಕ್ಸನ್ ಹಾಲಿಡೇ ಕಥೆ ಸಾಕು.

ಬಾಲ್ಟಿಮೋರ್ ಓರಿಯೋಲ್ಸ್ ತಂಡ 2022ರ ಡ್ರಾಫ್ಟ್‌ನಲ್ಲಿ, ಅಂದರೆ ತಂಡಗಳು ಹೊಸ ಆಟಗಾರರನ್ನು ಸರದಿಯಂತೆ ಆರಿಸುವಾಗ, ಇವನನ್ನು ಮೊಟ್ಟಮೊದಲ ಆಟಗಾರನಾಗಿ ಆರಿಸಿಕೊಂಡಿತು. ಅಪ್ಪ ಮ್ಯಾಟ್ ಹಾಲಿಡೇ ಏಳು ಸಲ ಆಲ್-ಸ್ಟಾರ್ (ಆ ವರ್ಷದ ಆಯ್ದ ತಾರೆಯರ ತಂಡದ ಆಟಗಾರ) ಆದವರು. ಅಂದರೆ ಹುಡುಗನಿಗೆ ಈ ಆಟ ಮನೆಯ ಮಾತು. ಮೈನರ್ ಲೀಗ್ ಅನ್ನೋದು ಮೆಟ್ಟಿಲುಗಳ ಸಾಲು: ಸಿಂಗಲ್-ಎ, ಹೈ-ಎ, ಡಬಲ್-ಎ, ಟ್ರಿಪಲ್-ಎ. ಒಂದೇ ಮೆಟ್ಟಿಲಲ್ಲಿ ವರ್ಷಗಟ್ಟಲೆ ಕೂತವರಿದ್ದಾರೆ. ಹಾಲಿಡೇ 2023ರ ಒಂದೇ ಸೀಸನ್‌ನಲ್ಲಿ ನಾಲ್ಕನ್ನೂ ಹತ್ತಿಬಿಟ್ಟ. ಬ್ಯಾಟಿಂಗ್ ಸರಾಸರಿ .323, ಅಂದರೆ ಸಾವಿರ ಸರದಿಗೆ 323 ಹಿಟ್ (ಹೊಡೆದು ಬೇಸ್ ತಲುಪುವುದು) ಎಂಬ ದರ. ಮೇಲೆ 101 ವಾಕ್ (ಅದೇನೆಂದು ಮುಂದೆ ಹೇಳುತ್ತೇನೆ).

2024ರ ಏಪ್ರಿಲ್ 10ರಂದು ಬಾಸ್ಟನ್‌ನಲ್ಲಿ ಮೇಜರ್ ಲೀಗ್‌ಗೆ ಕಾಲಿಟ್ಟ. ವಯಸ್ಸು 20. ಮೊದಲ 10 ಪಂದ್ಯಗಳಲ್ಲಿ ಸರಾಸರಿಗೆ ಲೆಕ್ಕವಾಗುವ 34 ಸರದಿ ಸಿಕ್ಕವು. ಹಿಟ್ 2. ಸ್ಟ್ರೈಕ್‌ಔಟ್, ಅಂದರೆ ಮೂರು ಸ್ಟ್ರೈಕ್ ಆಗಿ ಔಟಾದದ್ದು, 18. ಏಪ್ರಿಲ್ ಮುಗಿಯುವ ಮೊದಲೇ ಅವನನ್ನು ನಾರ್ಫೋಕ್‌ಗೆ, ಅಂದರೆ ಟ್ರಿಪಲ್-ಎಗೆ, ವಾಪಸ್ ಕಳಿಸಿದರು.

ಎರಡು ವಾರದಲ್ಲಿ ಹುಡುಗ ಆಟ ಮರೆತುಬಿಟ್ಟನಾ? ಹಾಗಾಗುತ್ತದೆಯೇ. ಎದುರಿಗಿದ್ದವರು ಬದಲಾಗಿದ್ದರು.

ಪಿಚರ್ ನಿಲ್ಲುವ ದಿಬ್ಬದಿಂದ ಬ್ಯಾಟರ್ ಬಳಿಯ ಹೋಮ್ ಪ್ಲೇಟ್‌ಗೆ 60 ಅಡಿ 6 ಇಂಚು. ಗಂಟೆಗೆ 95 ಮೈಲಿ ವೇಗದ ಚೆಂಡು ಅಷ್ಟು ದೂರ ಬರಲು ಸುಮಾರು 0.4 ಸೆಕೆಂಡ್ ಸಾಕು. ಇಂಥ ವೇಗ ಈಗ ಕೆಳಗಿನ ಲೀಗ್‌ಗಳಲ್ಲೂ ಸಿಗುತ್ತದೆ. ಅಲ್ಲಿ ಸಿಗದಿರುವುದು ಗುರಿ. ಮೈನರ್ ಲೀಗ್ ಪಿಚರ್ ಕೈಯಲ್ಲಿ ಒಂದು ಒಳ್ಳೆಯ ಎಸೆತ ಇರುತ್ತದೆ, ಇನ್ನೊಂದು ಅಂದುಕೊಂಡ ಕಡೆ ಬೀಳುವುದಿಲ್ಲ. ತಾಳ್ಮೆಯಿಂದ ಕಾದರೆ ಒಂದು ಸುಲಭದ ಚೆಂಡು ಬಂದೇ ಬರುತ್ತದೆ. ಮೇಲಿನವರು ಹಾಗೆ ದಾನ ಮಾಡುವವರಲ್ಲ. ಮೂರು ನಾಲ್ಕು ಬಗೆಯ ಎಸೆತ, ಕೈ ಬೀಸುವ ರೀತಿ ಎಲ್ಲದಕ್ಕೂ ಒಂದೇ, ಬೀಳುವುದು ಅಂಚಿಗೆ. ಸಾಲದ್ದಕ್ಕೆ ವಿಡಿಯೋ ಮುಂದಿಟ್ಟುಕೊಂಡು ಹೊಸ ಹುಡುಗನ ತೂತು ಎಲ್ಲಿದೆ ಅಂತ ಹುಡುಕಲು ಪ್ರತಿ ತಂಡದಲ್ಲೂ ಜನ ಇದ್ದಾರೆ. ಎದೆಯೆತ್ತರದ ಚೆಂಡಿಗೆ ಇವನ ಬ್ಯಾಟ್ ತಡ ಅಂತ ಗೊತ್ತಾಯಿತೋ, ಮುಗೀತು. ದಿನಾ ಅದೇ ಊಟ.

ಅದಕ್ಕೇ ಅನುಭವಿ ಸ್ಕೌಟ್‌ಗಳು (ಪ್ರತಿಭೆ ಹುಡುಕುವವರು) ಹೋಮ್ ರನ್ (ನಮ್ಮ ಸಿಕ್ಸರ್ ಇದ್ದ ಹಾಗೆ) ಎಷ್ಟು ಅಂತ ಎಣಿಸಿ ಸುಮ್ಮನಾಗುವುದಿಲ್ಲ. ಹುಡುಗ ಯಾವ ಚೆಂಡು ಬಿಟ್ಟ ಅಂತಲೂ ನೋಡುತ್ತಾರೆ. ದ್ರಾವಿಡ್ ಆಫ್ ಸ್ಟಂಪಿನಾಚೆಯ ಚೆಂಡುಗಳನ್ನು ಬಿಡುವುದನ್ನು ಗಂಟೆಗಟ್ಟಲೆ ನೋಡಿದ ನಮಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಬೇಸ್‌ಬಾಲ್‌ನಲ್ಲಿ ಸ್ಟಂಪ್ ಇಲ್ಲ, ಕಣ್ಣಿಗೆ ಕಾಣದ ಒಂದು ಚೌಕಟ್ಟು ಇದೆ: ಅಗಲ 17 ಇಂಚು, ಎತ್ತರ ಮೊಣಕಾಲಿನಿಂದ ಹೆಚ್ಚುಕಡಿಮೆ ಎದೆಮಟ್ಟಕ್ಕೆ. ಅದರೊಳಗಿನ ಚೆಂಡು ಬಿಟ್ಟರೆ ‘ಸ್ಟ್ರೈಕ್’, ಅದರಾಚೆಯದು ಬಿಟ್ಟರೆ ‘ಬಾಲ್’. ಬಾಲ್ ನಾಲ್ಕಾದರೆ ಆರಾಮಾಗಿ ಮೊದಲ ಬೇಸ್‌ಗೆ ನಡೆದು ಹೋಗಬಹುದು. ಅದೇ ವಾಕ್.

ಹಾಲಿಡೇಗೆ 101 ವಾಕ್ ಇತ್ತಲ್ವಾ, ಮತ್ತೇನಾಯಿತು ಅಂತ ಕೇಳುತ್ತೀರಿ. ತೊಡಕು ಇರುವುದೇ ಇಲ್ಲಿ. ಅದರಲ್ಲಿ ಪಿಚರ್‌ಗಳು ಗುರಿ ತಪ್ಪಿ ಕೊಟ್ಟದ್ದೆಷ್ಟು, ಇವನ ಕಣ್ಣು ದುಡಿದದ್ದೆಷ್ಟು, ಬೇರೆ ಮಾಡುವುದು ಕಷ್ಟ. ಇನ್ನೊಂದು ಸಂಗತಿ: 2024ರ ಆರಂಭದಲ್ಲಿ ಟ್ರಿಪಲ್-ಎನಲ್ಲಿ ವಾರದ ಕೆಲವು ದಿನ ಬಾಲೋ ಸ್ಟ್ರೈಕೋ ಅಂತ ಯಂತ್ರವೇ ತೀರ್ಪು ಕೊಡುತ್ತಿತ್ತು. ಮೇಜರ್ ಲೀಗ್‌ನಲ್ಲಿ ಆಗ ಅಂಪೈರ್ ಹೇಳಿದ್ದೇ ಕೊನೆ. ಬೇರೆ ಅಳತೆಯ ಚೌಕಟ್ಟಿಗೆ ಕಣ್ಣು ಹೊಂದಿಸಿಕೊಳ್ಳಬೇಕು. ಟ್ರಿಪಲ್-ಎ ಅನುಭವವೂ ಅವನಿಗೆ ಜಾಸ್ತಿ ಇರಲಿಲ್ಲ. 2023ರಲ್ಲಿ ಅಲ್ಲಿ ಆಡಿದ್ದು 18 ಪಂದ್ಯ.

ಹಾಗಾದರೆ ಎಲ್ಲರನ್ನೂ ಟ್ರಿಪಲ್-ಎನಲ್ಲಿ ಚೆನ್ನಾಗಿ ಬೇಯಿಸಿಯೇ ಬಡಿಸೋಣ ಅಂತ ನಿಯಮ ಮಾಡಿಕೊಳ್ಳೋಣವೇ? ಅದೇ 2024ರಲ್ಲಿ ಸ್ಯಾನ್ ಡಿಯೇಗೋ ಪಾಡ್ರೆಸ್ ಇನ್ನೊಬ್ಬ ಜಾಕ್ಸನ್‌ನನ್ನು ಇಳಿಸಿತು. ಜಾಕ್ಸನ್ ಮೆರಿಲ್. ಇವನಿಗೂ 20. ಟ್ರಿಪಲ್-ಎನಲ್ಲಿ ಒಂದೇ ಒಂದು ಪಂದ್ಯ ಆಡಿರಲಿಲ್ಲ. ಶಾರ್ಟ್‌ಸ್ಟಾಪ್ (ಒಳ ಮೈದಾನದ ಫೀಲ್ಡರ್) ಆಗಿ ಬೆಳೆದವನನ್ನು ಹೊರ ಮೈದಾನದ ಸೆಂಟರ್ ಫೀಲ್ಡ್‌ಗೆ ಹಾಕಿ, ದಕ್ಷಿಣ ಕೊರಿಯಾದ ಸೋಲ್ ನಗರದಲ್ಲಿ ನಡೆದ ಸೀಸನ್ನಿನ ಮೊದಲ ಪಂದ್ಯದಲ್ಲೇ ನಿಲ್ಲಿಸಿದರು. ಕಾಗದದ ಮೇಲೆ ನೋಡಿದರೆ ಹುಚ್ಚಾಟ. ವರ್ಷದ ಕೊನೆಗೆ ಸರಾಸರಿ .292, ಹೋಮ್ ರನ್ 24, ಆಲ್-ಸ್ಟಾರ್ ತಂಡದಲ್ಲಿ ಜಾಗ.

ಇನ್ನು ‘ರೆಡಿ ಇಲ್ಲ’ ಅನ್ನುವ ಮಾತಿಗೆ ಬೇರೆ ಅರ್ಥವೂ ಇರಬಹುದು. ಕ್ಯಾಲೆಂಡರ್ ನೋಡಿ ಹೇಳುವ ಅರ್ಥ. ಆಟಗಾರನಿಗೆ ಆರು ವರ್ಷದ ಸೇವೆ ಪೂರ್ತಿಯಾದ ಮೇಲೆ ತನಗೆ ಬೇಕಾದ ತಂಡಕ್ಕೆ ಹೋಗುವ ಸ್ವಾತಂತ್ರ್ಯ ಸಿಗುತ್ತದೆ. ಸೇವೆಯ ಒಂದು ವರ್ಷ ಅಂದರೆ ಮೇಜರ್ ಲೀಗ್‌ನಲ್ಲಿ 172 ದಿನ. ಕ್ರಿಸ್ ಬ್ರಯಂಟ್ 2014ರಲ್ಲಿ ಮೈನರ್ ಲೀಗ್‌ಗಳಲ್ಲಿ 43 ಹೋಮ್ ರನ್ ಹೊಡೆದಿದ್ದ. ಆದರೂ ಶಿಕಾಗೋ ಕಬ್ಸ್ ಅವನನ್ನು 2015ರ ಏಪ್ರಿಲ್ 17ರವರೆಗೆ ಕರೆಸಲಿಲ್ಲ. ಫೀಲ್ಡಿಂಗ್ ಇನ್ನೂ ಸುಧಾರಿಸಬೇಕು ಅಂದರು. ಆ ವರ್ಷ ಅವನ ಖಾತೆಗೆ ಬಂದದ್ದು 171 ದಿನ! ಒಂದೇ ಒಂದು ದಿನ ಕಮ್ಮಿ, ಸ್ವಾತಂತ್ರ್ಯ ಒಂದು ವರ್ಷ ಮುಂದಕ್ಕೆ. ಫೀಲ್ಡಿಂಗ್ ಅಷ್ಟು ಲೆಕ್ಕಾಚಾರವಾಗಿ ಸುಧಾರಿಸಿದ್ದು ನಂಬಲು ನನಗಂತೂ ಕಷ್ಟ. ಬ್ರಯಂಟ್ ದೂರು ಕೊಟ್ಟ, 2020ರಲ್ಲಿ ಸೋತ. ಆಟಗಾರರ ಸಂಘ ಮತ್ತು ಲೀಗ್ ನಡುವಿನ 2022ರ ಒಪ್ಪಂದದಲ್ಲಿ ಇದಕ್ಕೊಂದು ಸಣ್ಣ ಮದ್ದು ಹುಡುಕಿದರು. ವರ್ಷದ ಹೊಸ ಆಟಗಾರ ಪ್ರಶಸ್ತಿಯ ಮತದಾನದಲ್ಲಿ ಮೊದಲೆರಡು ಸ್ಥಾನಕ್ಕೆ ಬಂದವನಿಗೆ, ತಡವಾಗಿ ಕರೆಸಿದ್ದರೂ, ಪೂರ್ತಿ ವರ್ಷದ ಲೆಕ್ಕ ಸಿಗುತ್ತದೆ.

ನನ್ನನ್ನು ಕೇಳಿದರೆ, ಮೊದಲ ಎರಡು ವಾರದ ಅಂಕಿ ನೋಡಿ ತೀರ್ಮಾನ ಮಾಡಬೇಡಿ. ತೂತು ಸಿಕ್ಕಿಬಿದ್ದ ಮೇಲೆ ಹುಡುಗ ಅದನ್ನು ಮುಚ್ಚುತ್ತಾನಾ ಅಂತ ನೋಡಿ. ಮೈಕ್ ಟ್ರೌಟ್ 2011ರಲ್ಲಿ 19ರ ವಯಸ್ಸಿಗೆ ಬಂದು 40 ಪಂದ್ಯದಲ್ಲಿ .220 ಹೊಡೆದಿದ್ದ. 2012ರ ಶುರುವಿನಲ್ಲಿ ಅವನೂ ಟ್ರಿಪಲ್-ಎನಲ್ಲೇ ಇದ್ದ. ಏಪ್ರಿಲ್ ಕೊನೆಗೆ ಕರೆಸಿದರು. ಆ ವರ್ಷ .326, 30 ಹೋಮ್ ರನ್, 49 ಬೇಸ್ ಕದ್ದ (ಚೆಂಡು ಹೊಡೆಯದೆಯೇ ಓಡಿ ಮುಂದಿನ ಬೇಸ್ ಹಿಡಿಯುವುದು).

ಹಾಲಿಡೇ 2024ರ ಜುಲೈ 31ಕ್ಕೆ ಮರಳಿ ಬಂದ ದಿನವೇ ಗ್ರ್ಯಾಂಡ್ ಸ್ಲ್ಯಾಮ್ (ಮೂರೂ ಬೇಸ್‌ನಲ್ಲಿ ತನ್ನವರು ಇದ್ದಾಗಿನ ಹೋಮ್ ರನ್) ಹೊಡೆದ. ಅಬ್ಬಾ, ಈಗ ರೆಡಿಯಾದ ಅಂದುಕೊಂಡರೆ, ಸೀಸನ್ ಮುಗಿದಾಗ ಸರಾಸರಿ .189. ಮರುವರ್ಷ ಅದೇ ಹುಡುಗ 17 ಹೋಮ್ ರನ್ ಹೊಡೆದ.