ಡಿಮೆನ್ಷಿಯಾ ಇರುವವರಿಗೆ ವ್ಯಾಯಾಮದಿಂದ ದಕ್ಕುವುದೇನು?

ಮನೆಯ ಹಿರಿಯರಿಗೆ ನೆನಪು, ಆಲೋಚನೆ ಕುಗ್ಗಿಸುವ ಡಿಮೆನ್ಷಿಯಾ ಇದೆಯೆಂದು ತಿಳಿದ ಮೇಲೆ, ದಿನವೂ ವಾಕಿಂಗ್ ಮಾಡಿಸಿದರೆ ನೆನಪು ಮರಳಬಹುದೇ ಎಂದು ಮಕ್ಕಳು ವೈದ್ಯರನ್ನು ಕೇಳುವುದು ಸಹಜ. ಇದುವರೆಗಿನ ಸಂಶೋಧನೆಗಳು ಅಂಥ ಭರವಸೆ ಕೊಡುವುದಿಲ್ಲ. ಬ್ರಿಟನ್ನಿನಲ್ಲಿ ಸೌಮ್ಯ ಹಾಗೂ ಮಧ್ಯಮ ಹಂತದ ಡಿಮೆನ್ಷಿಯಾ ಇದ್ದ 494 ಮಂದಿಯನ್ನು ಒಳಗೊಂಡು, 2018ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಒಂದು ಗುಂಪಿಗೆ ನಾಲ್ಕು ತಿಂಗಳು ಸಾಕಷ್ಟು ಬಿರುಸಾದ ವ್ಯಾಯಾಮ ಮಾಡಿಸಲಾಯಿತು. ಅವರ ಮೈಕಸುವು ಹೆಚ್ಚಿತು, ಆದರೆ ವರ್ಷದ ಕೊನೆಗೆ ನೆನಪು ಮತ್ತು ಆಲೋಚನೆಯ ಪರೀಕ್ಷೆಯಲ್ಲಿ ಅವರು ಉಳಿದವರಿಗಿಂತ ತುಸು ಹಿಂದೆಯೇ ಇದ್ದರು. ವ್ಯತ್ಯಾಸ ಅತ್ಯಲ್ಪವಾದ್ದರಿಂದ ಹೆದರಬೇಕಿಲ್ಲವಾದರೂ, ನೆನಪಿಗೆ ಲಾಭವಾಗಲಿಲ್ಲವೆಂಬುದಂತೂ ಸ್ಪಷ್ಟ.

ಹಾಗಾದರೆ ಶ್ರಮವೇಕೆ? ಫಿನ್‌ಲೆಂಡಿನಲ್ಲಿ ಡಿಮೆನ್ಷಿಯಾಕ್ಕೆ ಅತಿ ಸಾಮಾನ್ಯ ಕಾರಣವಾದ ಅಲ್ಜೈಮರ್ ಕಾಯಿಲೆ ಇದ್ದು ಮನೆಯಲ್ಲೇ ಬಾಳುತ್ತಿದ್ದ 210 ಮಂದಿಯ ಅಧ್ಯಯನ 2013ರಲ್ಲಿ ಪ್ರಕಟವಾಯಿತು. ಫಿಸಿಯೋಥೆರಪಿಸ್ಟ್ ವಾರಕ್ಕೆ ಎರಡು ಸಲ ಮನೆಗೇ ಬಂದು ವರ್ಷವಿಡೀ ವ್ಯಾಯಾಮ ಮಾಡಿಸಿದ ಗುಂಪಿನವರಲ್ಲಿ, ತಮ್ಮ ಕೆಲಸ ತಾವೇ ಮಾಡಿಕೊಳ್ಳುವ ಶಕ್ತಿ ಕುಗ್ಗಿತಾದರೂ ಉಳಿದವರಿಗಿಂತ ನಿಧಾನವಾಗಿ ಕುಗ್ಗಿತು, ಬೀಳುವುದೂ ಕಡಿಮೆಯಾಯಿತು. ಕುರ್ಚಿಯಿಂದ ತಾನೇ ಎದ್ದು ಶೌಚಾಲಯಕ್ಕೆ ಹೋಗಬಲ್ಲ ಅಪ್ಪನಿಗೂ, ಇಬ್ಬರು ಹಿಡಿದೆತ್ತಬೇಕಾದ ಅಪ್ಪನಿಗೂ ಇರುವ ಅಂತರವನ್ನು ಆರೈಕೆ ಮಾಡಿದವರೇ ಬಲ್ಲರು. ಆದ್ದರಿಂದ ವಾಕಿಂಗ್ ಒಂದೇ ಸಾಲದು. ಗಟ್ಟಿಯಾದ ಕುರ್ಚಿಯಿಂದ ನಿಧಾನವಾಗಿ ಎದ್ದು ಕೂರುವುದು, ಅಡುಗೆಮನೆಯ ಕಟ್ಟೆ ಹಿಡಿದು ಹಿಮ್ಮಡಿ ಎತ್ತುವುದು ತೊಡೆ, ಮೀನಖಂಡಗಳನ್ನು ಬಲಪಡಿಸುತ್ತವೆ.

ಅಲ್ಜೈಮರ್‌ನಲ್ಲಿ ಹೊಸ ವಿಷಯಗಳನ್ನು ನೆನಪಿಗೆ ಸೇರಿಸುವ ಹಿಪೊಕ್ಯಾಂಪಸ್ ಎಂಬ ಮಿದುಳಿನ ಭಾಗ ಮೊದಲೇ ಹಾಳಾಗುತ್ತದೆ. ರೂಢಿಯ ಚಲನೆಗಳನ್ನು ಕಾಪಾಡುವ ಮಿದುಳಿನ ಭಾಗಗಳು ಹೆಚ್ಚು ಕಾಲ ಉಳಿಯುತ್ತವೆ. ಹೊಸ ಆಸನದ ಹೆಸರು ಹೇಳಿ ಕಲಿಸಹೊರಟರೆ ಗೊಂದಲಕ್ಕೊಳಗಾಗುವ ಅಮ್ಮ, ಒದ್ದೆ ಬಟ್ಟೆಯ ಬಕೆಟ್ ಎದುರಿಗಿಟ್ಟರೆ ಹಿಂಡಿ, ಕೊಡವಿ, ತಂತಿಗೆ ಹಾಕಬಲ್ಲರು. ದೇವಸ್ಥಾನದಲ್ಲಿ ಪ್ರದಕ್ಷಿಣೆಯನ್ನೂ ಹಾಕಬಲ್ಲರು. ಹೇಳಿ ಮಾಡಿಸುವುದಕ್ಕಿಂತ ಎದುರು ನಿಂತು ಮಾಡಿ ತೋರಿಸುವುದು ಮೇಲು.

ಬೆಂಗಳೂರಿನ ಫುಟ್‌ಪಾತ್ ಮಾತ್ರ ಬೇರೆಯೇ ಕಥೆ. ಅಲುಗಾಡುವ ಕಲ್ಲುಚಪ್ಪಡಿ, ಜೋತುಬಿದ್ದ ಕೇಬಲ್, ಅಡ್ಡ ನಿಲ್ಲಿಸಿದ ಬೈಕುಗಳ ನಡುವೆ ಆರೋಗ್ಯವಂತರೇ ನೋಡಿ ಹೆಜ್ಜೆಯಿಡಬೇಕು. ಡಿಮೆನ್ಷಿಯಾ ಇರುವವರಿಗೆ ನಡಿಗೆಯೇ ಗಮನ ಬೇಡುವ ಕೆಲಸ. ಮಾತನಾಡಿಸಿದಾಗ ನಡಿಗೆ ನಿಲ್ಲಿಸಿಬಿಡುವ ಹಿರಿಯರು ಬೀಳುವ ಸಂಭವ ಹೆಚ್ಚೆಂದು ಸ್ವೀಡನ್ನಿನ ಸಂಶೋಧಕರು 1997ರಲ್ಲೇ ತೋರಿಸಿದ್ದರು. ರಸ್ತೆ ದಾಟುವಾಗ ಮಾತು ಬೇಡ, ಪಾರ್ಕಿನ ಬೆಂಚಿನ ಮೇಲೆ ಕೂತ ಮೇಲೆ ಆಡಬಹುದು. ಲಾಲ್‌ಬಾಗಿನ ಅಗಲ ದಾರಿಗಳು ಹತ್ತಿರವಿಲ್ಲದವರಿಗೆ ಅಪಾರ್ಟ್‌ಮೆಂಟಿನ ಕಾರಿಡಾರ್ ಸಾಕು.

ಎದ್ದ ಕೂಡಲೇ ತಲೆಸುತ್ತು ಬರುವವರು, ಬಿ.ಪಿ. ಮಾತ್ರೆ ತೆಗೆದುಕೊಳ್ಳುವವರು ಆರಂಭಿಸುವ ಮೊದಲು ವೈದ್ಯರನ್ನು ಕಾಣಬೇಕು. ಮಂಡಿ ನೋಯುತ್ತಿದೆ ಎಂದು ಬಾಯಿಬಿಟ್ಟು ಹೇಳಲು ಅನೇಕರಿಗೆ ಆಗದು, ಮುಖ ಕಿವಿಚುವುದನ್ನೂ ಕುಂಟುವುದನ್ನೂ ಜೊತೆಗಿರುವವರೇ ಗಮನಿಸಬೇಕು. ನಿನ್ನೆ ಮೊನ್ನೆಯವರೆಗೆ ತಾವೇ ಏಳುತ್ತಿದ್ದವರು ಹಠಾತ್ತನೆ ಏಳಲಾರದೆ ಹೋದರೆ, ಕಾಯಿಲೆ ಮುಂದುವರಿಯಿತೆಂದು ಸುಮ್ಮನಾಗಬಾರದು. ಮೂತ್ರನಾಳದ ಸೋಂಕು, ಹೊಸ ಮಾತ್ರೆ ಅಥವಾ ಯಾರೂ ಕಾಣದ ಒಂದು ಬೀಳುವಿಕೆ ಕಾರಣವಿರಬಹುದು, ಇವುಗಳಿಗೆ ಚಿಕಿತ್ಸೆ ಇದೆ.