ಚೌಕಾಬಾರದ ಪಟದಲ್ಲಿ ಆಯತ ಎಷ್ಟು?

ಕೊಪ್ಪಳದಲ್ಲಿ ನಮ್ಮ ಓಣಿಯ ಗುಡಿ ಕಟ್ಟೆ ಮೇಲೆ ಚೌಕಾಬಾರದ ಪಟ ಕೊರೆದಿದೆ. ಅಡ್ಡ ಐದು, ಉದ್ದ ಐದು, ಒಟ್ಟು 25 ಮನೆ. ಪರೀಕ್ಷೆಗೆ ಓದುವ ನಾವು ನಾಲ್ಕು ಜನ ಸಂಜೆ ಅಲ್ಲೇ ಕೂರುತ್ತೇವೆ. ಒಂದು ದಿನ ಗೆಳೆಯ ಕೇಳಿದ: "ಇದರಾಗ ಆಯತ ಎಷ್ಟದಾವ ಹೇಳ್ರಲೇ ನೋಡೋಣ."

ನಾನು ಬೆರಳಿಟ್ಟು ಎಣಿಸಲು ಶುರು ಮಾಡಿದೆ. ನಲವತ್ತು ದಾಟುವಷ್ಟರಲ್ಲಿ ಲೆಕ್ಕ ತಪ್ಪಿತು. ಆಯತವನ್ನೇ ಎಣಿಸಲು ಹೋದರೆ ಹೀಗೇ ಆಗೋದು. ಒಂದು ಆಯತ ಹುಟ್ಟಲು ಏನೇನು ಬೇಕು ಅಂತ ಮೊದಲು ನೋಡಬೇಕು. ಎರಡು ಅಡ್ಡಗೆರೆ, ಎರಡು ಉದ್ದಗೆರೆ, ಅಷ್ಟೇ. ಯಾವ ಜೋಡಿ ಹಿಡಿದರೂ ನಡುವೆ ಒಂದೇ ಒಂದು ಆಯತ ಸಿಗುತ್ತದೆ. ಹಾಗಾಗಿ ಗೆರೆ ಆರಿಸುವ ಬಗೆಗಳನ್ನು ಎಣಿಸಿದರೆ ಸಾಕು.

ಎಡವುವ ಜಾಗ ಇಲ್ಲಿದೆ. ಮನೆ ಐದಾದರೂ ಗೆರೆ ಆರು! ಆರರಲ್ಲಿ ಎರಡನ್ನು ಆರಿಸುವ ಬಗೆ 6 × 5 ÷ 2 = 15. ಎರಡರಿಂದ ಭಾಗಿಸುವುದು ಯಾಕೆ? ಮೊದಲ ಗೆರೆ ಹಿಡಿದು ಆಮೇಲೆ ಮೂರನೆಯದು ಹಿಡಿದರೂ, ಮೂರನೆಯದು ಹಿಡಿದು ಆಮೇಲೆ ಮೊದಲನೆಯದು ಹಿಡಿದರೂ ಜೋಡಿ ಅದೇ ತಾನೆ? ಪಠ್ಯದಲ್ಲಿ ಇದಕ್ಕೇ ವಿಕಲ್ಪ ಅನ್ನುತ್ತಾರೆ. ಯಾವುದು ಮೊದಲು ಅನ್ನುವುದೂ ಲೆಕ್ಕಕ್ಕೆ ಬಂದರೆ ಅದು ಕ್ರಮಯೋಜನೆ. ಅಡ್ಡಕ್ಕೆ 15, ಉದ್ದಕ್ಕೆ 15. ಗುಣಿಸಿದರೆ 225 ಆಯತ. ಅವಸರದಲ್ಲಿ 6ರ ಬದಲು 5 ಹಾಕಿದವರಿಗೆ 100 ಬರುತ್ತದೆ. ಪರೀಕ್ಷೆಯ ಆಯ್ಕೆಗಳಲ್ಲಿ ಆ 100 ಕೂಡ ಕಾದು ಕೂತಿರಬಹುದು, ಹುಷಾರು.

ಚೌಕಕ್ಕೆ ಈ ಗುಣಾಕಾರ ನಡೆಯೋದಿಲ್ಲ. ಅಗಲ ಆರಿಸಿಬಿಟ್ಟರೆ ಎತ್ತರವೂ ಅಷ್ಟೇ ಇರಬೇಕಲ್ವಾ? ಅಳತೆ ಪ್ರಕಾರ ಬೇರೆಬೇರೆ ಎಣಿಸಿ: ಒಂದು ಮನೆಯವು 25, ಎರಡೆರಡರವು 16, ಆಮೇಲೆ 9, 4, 1. ಒಟ್ಟು 55. ಈ 55 ಮೇಲಿನ 225ರೊಳಗೇ ಸೇರಿವೆ.

ಚುಕ್ಕಿಗಳನ್ನು ಸೇರಿಸಿದರೆ ಎಷ್ಟು ತ್ರಿಭುಜ, ಎಷ್ಟು ಗೆರೆ ಅನ್ನುವ ಲೆಕ್ಕ ಸುಲಭ, ಒಂದು ಕಡೆ ಮಾತ್ರ ಜೋಪಾನ. ಹತ್ತು ಚುಕ್ಕಿ ಇವೆ, ಅದರಲ್ಲಿ ನಾಲ್ಕು ಒಂದೇ ಸಾಲಿನಲ್ಲಿವೆ, ಬೇರೆ ಯಾವ ಮೂರೂ ಒಂದೇ ಸಾಲಿನಲ್ಲಿಲ್ಲ ಅಂದುಕೊಳ್ಳಿ. ಹತ್ತರಲ್ಲಿ ಮೂರನ್ನು ಆರಿಸುವ ಬಗೆ 10 × 9 × 8 ÷ 6 = 120 (ಅದೇ ಮೂರನ್ನು 6 ಕ್ರಮದಲ್ಲಿ ಹಿಡಿಯಬಹುದು, ಅದಕ್ಕೇ 6ರಿಂದ ಭಾಗ). ಸಾಲಿನ ನಾಲ್ಕರಲ್ಲೇ ಮೂರನ್ನು ಹಿಡಿದರೆ ತ್ರಿಭುಜ ಆಗೋದಿಲ್ಲ, ಆ 4 ಕಳೆಯಿರಿ. ತ್ರಿಭುಜ 116. ಗೆರೆ ಕೇಳಿದರೆ ಹತ್ತು ಚುಕ್ಕಿಗಳ ಜೋಡಿ 45ರಲ್ಲಿ ಸಾಲಿನ ನಾಲ್ಕರ ಜೋಡಿ 6 ಕಳೆದು, ಆ ಸಾಲಿನ ಒಂದು ಗೆರೆಯನ್ನು ಮತ್ತೆ ಕೂಡಿಸಿ: 40. ಈ ಒಂದನ್ನು ನಾನು ಎಷ್ಟು ಸಲ ಮರೆತಿದ್ದೇನೋ!

ನನಗೆ ಜಾಸ್ತಿ ಇಷ್ಟವಾದದ್ದು ಕರ್ಣಗಳ ಲೆಕ್ಕ. ಆರು ಮೂಲೆಯ ಆಕೃತಿ ಬರೆಯಿರಿ, ಯಾವ ಮೂಲೆಯೂ ಒಳಗೆ ತಗ್ಗಿರಬಾರದು. ಮೂಲೆಗಳ ಜೋಡಿ 15, ಅದರಲ್ಲಿ ಬಾಹುಗಳೇ 6, ಉಳಿದ 9 ಕರ್ಣ. ಈ ಕರ್ಣಗಳು ಒಳಗೆ ಎಷ್ಟು ಕಡೆ ಕತ್ತರಿಸುತ್ತವೆ? ಒಂದೊಂದೇ ಗೆರೆ ಹಿಡಿದು ನೋಡಿದರೆ ತಲೆ ಕೆಡುತ್ತದೆ. ಒಂದು ಕತ್ತರಿ ಅಂದರೆ ಎರಡು ಕರ್ಣ, ಎರಡು ಕರ್ಣ ಅಂದರೆ ನಾಲ್ಕು ತುದಿ. ತಿರುಗಿಸಿ ನೋಡಿ: ಯಾವ ನಾಲ್ಕು ಮೂಲೆ ಹಿಡಿದರೂ ಒಂದು ಚತುರ್ಭುಜ, ಅದರ ಎರಡು ಕರ್ಣ ಕತ್ತರಿಸುವುದು ಒಂದೇ ಕಡೆ. ಆರರಲ್ಲಿ ನಾಲ್ಕನ್ನು ಆರಿಸುವ ಬಗೆ 15. ಉತ್ತರ ಸಿಕ್ಕಿತು.

ಆದರೆ ಕಂಪಾಸಿನಿಂದ ಅಚ್ಚುಕಟ್ಟಾಗಿ, ಬಾಹು ಮತ್ತು ಕೋನ ಎಲ್ಲ ಸಮ ಇರುವಂತೆ ಬರೆದು ಎಣಿಸಿದರೆ 13 ಮಾತ್ರ ಕಾಣುತ್ತವೆ. ಸೂತ್ರ ತಪ್ಪಲ್ಲ. ಮೂರು ಉದ್ದ ಕರ್ಣಗಳು ನಟ್ಟನಡುವೆ ಒಂದೇ ಚುಕ್ಕಿಯಲ್ಲಿ ಸೇರುತ್ತವೆ. ಮೂರು ಜೋಡಿಯ ಮೂರು ಕತ್ತರಿ ಅಲ್ಲಿ ಒಂದಾಗಿಬಿಡುತ್ತವೆ. ಆಕೃತಿಯನ್ನು ಸ್ವಲ್ಪ ಸೊಟ್ಟ ಮಾಡಿ, ಆ ಮೂರೂ ಬೇರೆಯಾಗಿ 15 ಬರುತ್ತವೆ. ಏಳು ಮೂಲೆಗೆ ಈ ತೊಂದರೆ ಇಲ್ಲ, ಎಲ್ಲ ಸಮ ಇದ್ದರೂ 35ಕ್ಕೆ 35 ಸಿಗುತ್ತವೆ.