ಯಕೃತ್ತಿನ ಕಾವಲು ಕೋಶಗಳು: ಗಾಯವೂ ಅವುಗಳಿಂದ, ಮಾಯುವುದೂ ಅವುಗಳಿಂದ

1876ರಲ್ಲಿ ಜರ್ಮನ್ ಅಂಗರಚನಾ ವಿಜ್ಞಾನಿ ಕಾರ್ಲ್ ವಿಲ್ಹೆಲ್ಮ್ ಫಾನ್ ಕುಪ್ಫರ್ ಯಕೃತ್ತಿನಲ್ಲಿ ನರಗಳನ್ನು ಹುಡುಕುತ್ತಿದ್ದರು. ಚಿನ್ನದ ಕ್ಲೋರೈಡ್ ಹಾಕಿ ಬಣ್ಣ ಹಿಡಿಸಿದಾಗ ಕಂಡದ್ದು ನಕ್ಷತ್ರದಂತೆ ಕೈಚಾಚಿದ ಕೋಶಗಳು. ರಕ್ತದೊಂದಿಗೆ ಬಂದ ಕಣಗಳನ್ನು ನುಂಗುವ ಕೋಶಗಳೂ ಇವೇ ಎಂದು ಅವರು ಮುಂದೆ ಭಾವಿಸಿದರು. ಹಾಗೆ ಎರಡು ಬೇರೆ ಕೋಶಗಳು ಒಂದೇ ಹೆಸರಿನಡಿ ಸೇರಿಹೋದವು. 1971ರಲ್ಲಿ ಜಪಾನಿನ ಕೆಂಜಿರೊ ವಾಕೆ ಗಂಟು ಬಿಡಿಸಿದರು: ಚಿನ್ನದ ಬಣ್ಣ ಹಿಡಿದದ್ದು ವಿಟಮಿನ್ ‘ಎ’ ಕೂಡಿಡುವ ನಕ್ಷತ್ರಾಕಾರದ ಕೋಶ, ನುಂಗುವ ಕೋಶ ಬೇರೆ. ಕುಪ್ಫರ್ ಹೆಸರು ಮಾತ್ರ ನುಂಗುವ ಕೋಶಕ್ಕೇ ಉಳಿಯಿತು.

ಇದು ಬರಿಯ ಹೆಸರಿನ ಗೊಂದಲವಲ್ಲ. ವರ್ಷಾನುಗಟ್ಟಲೆ ಯಕೃತ್ತು ಹಾಳಾಗುತ್ತಾ ಹೋಗುವುದರ ಹಿಂದೆ ಈ ಎರಡೂ ಕೋಶಗಳಿವೆ.

ಯಕೃತ್ತಿಗೆ ಬರುವ ರಕ್ತದ ಸುಮಾರು ಮುಕ್ಕಾಲು ಪಾಲು ಕರುಳಿನ ಕಡೆಯಿಂದ ಬರುತ್ತದೆ. ಅದರಲ್ಲಿ ಆಹಾರದ ಅಂಶಗಳ ಜೊತೆ ಬ್ಯಾಕ್ಟೀರಿಯಾದ ತುಣುಕುಗಳೂ ಇರುತ್ತವೆ. ಪ್ರತಿಯೊಂದಕ್ಕೂ ರೇಗಿದರೆ ಅಂಗವೇ ಉಳಿಯದು. ಆದ್ದರಿಂದ ಕುಪ್ಫರ್ ಕೋಶಗಳು ಸದ್ದಿಲ್ಲದೆ ನುಂಗಿ ಸುಮ್ಮನಿರುತ್ತವೆ. ಮದ್ಯ, ವೈರಸ್ ಅಥವಾ ಕೊಬ್ಬಿನಿಂದ ಯಕೃತ್ತಿನ ಕೋಶಗಳು ಸಾಯುತ್ತಲೇ ಇದ್ದರೆ ಈ ಸಹನೆ ಮುರಿಯುತ್ತದೆ. ಅವು ರಾಸಾಯನಿಕ ಸಂಕೇತ ಕಳುಹಿಸಿ ರಕ್ತದಿಂದ ಬಿಳಿ ಕಣಗಳನ್ನು ಕರೆಸಿಕೊಳ್ಳುತ್ತವೆ. ಉರಿಯೂತ ಏಳುತ್ತದೆ. ಆ ಸಂಕೇತ ತಾಗಿದ ನಕ್ಷತ್ರಾಕಾರದ ಕೋಶ ವಿಟಮಿನ್ ಕಳೆದುಕೊಂಡು ಕೊಲಾಜನ್ ನಾರು ನೇಯತೊಡಗುತ್ತದೆ. ನಾರು ಕೂಡುತ್ತಾ ಹೋದರೆ ಅದೇ ಸಿರೋಸಿಸ್.

ಹೆಪಟೈಟಿಸ್ ‘ಬಿ’ಯಲ್ಲಿ ಇದು ಇನ್ನಷ್ಟು ಸ್ಪಷ್ಟ. ಯಕೃತ್ತಿನ ಕೋಶಗಳನ್ನು ಹೆಚ್ಚಾಗಿ ಕೊಲ್ಲುವುದು ವೈರಸ್ ಅಲ್ಲ, ಸೋಂಕು ತಗುಲಿದ ಕೋಶಗಳ ಮೇಲೆ ಎರಗುವ ನಮ್ಮದೇ ಟಿ-ಕೋಶಗಳು, ಅಂದರೆ ರೋಗನಿರೋಧಕ ಬಿಳಿ ಕಣಗಳ ಒಂದು ಬಗೆ. ದಾಳಿ ಬಲವಾಗಿದ್ದರೆ ಸೋಂಕು ತೊಲಗುತ್ತದೆ. ಅರೆಬಲದ ದಾಳಿ ದಶಕಗಳ ಕಾಲ ಎಳೆದರೆ ಗಾಯ ಬೆಳೆಯುತ್ತದೆ.

ಹಾಗಾದರೆ ಉರಿಯೂತ ಎಬ್ಬಿಸುವ ಆ ನುಂಗುವ ಕೋಶಗಳನ್ನು ಅಡಗಿಸಿಬಿಟ್ಟರೆ ಸಾಕಲ್ಲವೇ? 2005ರಲ್ಲಿ ಪ್ರಕಟವಾದ, ಇಲಿಗಳ ಮೇಲಿನ ಪ್ರಯೋಗವೊಂದು ಇದಕ್ಕೆ ಉತ್ತರ ಕೊಟ್ಟಿತು. ಈ ಇಡೀ ಚರಿತ್ರೆಯಲ್ಲಿ ಅತ್ಯಂತ ಮಹತ್ವದ್ದು ಅದೇ ಎಂದು ನನ್ನ ಎಣಿಕೆ. ಹಾನಿ ನಡೆಯುತ್ತಿರುವಾಗ ಮ್ಯಾಕ್ರೋಫೇಜ್‌ಗಳನ್ನು, ಅಂದರೆ ನುಂಗುವ ಕೋಶಗಳನ್ನು, ತೆಗೆದರೆ ನಾರು ಕಡಿಮೆಯಾಯಿತು. ಹಾನಿ ನಿಂತು ಯಕೃತ್ತು ಚೇತರಿಸಿಕೊಳ್ಳುತ್ತಿರುವಾಗ ತೆಗೆದರೆ ನಾರು ಕರಗಲೇ ಇಲ್ಲ. ನಾರನ್ನು ಒಡೆಯುವ ಕಿಣ್ವಗಳನ್ನು ಸುರಿಸುವುದೂ ಇವೇ.

ಸಿರೋಸಿಸ್ ಎಂದರೆ ಹಿಂತಿರುಗದ ದಾರಿ ಎಂದು ವೈದ್ಯರು ಬಹುಕಾಲ ನಂಬಿದ್ದರು. ಆ ನಂಬಿಕೆಯೂ ಕದಲಿತು. ಹೆಪಟೈಟಿಸ್ ‘ಬಿ’ ರೋಗಿಗಳಿಗೆ ಐದು ವರ್ಷ ವೈರಸ್ ಅಡಗಿಸುವ ಔಷಧಿ ಟೆನೊಫೊವಿರ್ ಕೊಟ್ಟ ಅಧ್ಯಯನ 2013ರಲ್ಲಿ ಪ್ರಕಟವಾಯಿತು. ಮೊದಲಿಗೆ ಸಿರೋಸಿಸ್ ಇದ್ದ 96 ಮಂದಿಯ ಪೈಕಿ 71 ಮಂದಿಯಲ್ಲಿ ಅದು ಉಳಿದಿರಲಿಲ್ಲ. ಹಾನಿಯ ಮೂಲ ನಿಂತರೆ ದೇಹ ತಾನೇ ನಾರು ಬಿಡಿಸಿಕೊಳ್ಳಬಲ್ಲದು.

ಔಷಧಿಯ ಹಾದಿ ಸುಲಭವಾಗಿಲ್ಲ. ಬಿಳಿ ಕಣಗಳು ಯಕೃತ್ತಿಗೆ ಬರದಂತೆ ತಡೆಯುವ ಸೆನಿಕ್ರಿವಿರಾಕ್ ಮೂರನೇ ಹಂತದ ಪ್ರಯೋಗದಲ್ಲಿ ಸೋತಿತು. ತಡೆಯುವುದಕ್ಕೆ ಬದಲು ಸೇರಿಸಿದರೆ ಹೇಗೆ ಎಂಬುದು ಎಡಿನ್‌ಬರೋದ ಸಂಶೋಧಕರ ಯೋಚನೆ. ಸಿರೋಸಿಸ್ ಇದ್ದ ಒಂಬತ್ತು ಜನರ ರಕ್ತದಿಂದ ಬಿಳಿ ಕಣಗಳನ್ನು ತೆಗೆದು, ಪ್ರಯೋಗಾಲಯದಲ್ಲಿ ಮ್ಯಾಕ್ರೋಫೇಜ್‌ಗಳಾಗಿ ಬೆಳೆಸಿ, ಅವರವರಿಗೇ ಮರಳಿಸಿದರು. 2019ರಲ್ಲಿ ಪ್ರಕಟವಾದ ಆ ಮೊದಲ ಹಂತ ಪರೀಕ್ಷಿಸಿದ್ದು ಮುಖ್ಯವಾಗಿ ಸುರಕ್ಷತೆಯನ್ನು. ಒಂಬತ್ತೂ ಜನ ಅದನ್ನು ತಾಳಿಕೊಂಡರು.